'ಜಾಂಗೋ' ಸಿನಿಮಾ: ಬೆರಳು ಸರಿ, ಇತಿಹಾಸ?

ಹಳೆಯ ಕಾಲದ ಕಥೆ ಇರುವ ಚಿತ್ರಕಥೆಗಳನ್ನು ಓದಿ, ಆ ಕಾಲಕ್ಕೆ ಹೊಂದದ್ದನ್ನು ಗುರುತು ಹಾಕಿಕೊಡುವುದು ನನ್ನ ಕೆಲಸ. ಆ ಫೋನು ಆಗ ಇತ್ತಾ, ಈ ಕಾರು ಬಂದಿತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಂಥ ಅನ್ಯಾಯ ಮಾಡಿದ್ದು ನಿಜವಾಗಿ ಯಾರು ಅಂತ ಕೇಳುವವರು ಕಡಿಮೆ. ಜಾಸ್ತಿ ಮುಖ್ಯವಾದದ್ದು ಇದೇ ಅಲ್ವಾ?

ಎಟಿಯೆನ್ ಕೊಮಾರ್ ನಿರ್ದೇಶನದ 2017ರ ಫ್ರೆಂಚ್ ಸಿನಿಮಾ 'ಜಾಂಗೋ' ನೋಡಿ. ಎರಡನೇ ಮಹಾಯುದ್ಧದ ಕಾಲದ ಪ್ಯಾರಿಸ್‌ನಲ್ಲಿ ಜಾಝ್ ಗಿಟಾರ್ ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟ್‌ನ ಕಥೆ. ಜಾಂಗೋ ರೋಮಾ ಸಮುದಾಯದವನು, ಅಂದರೆ ಜಿಪ್ಸಿಗಳೆಂದು ಕರೆಸಿಕೊಂಡ ಯುರೋಪಿನ ಅಲೆಮಾರಿ ಜನರವನು. 1928ರಲ್ಲಿ ಅವನ ಬಂಡಿಮನೆಗೆ ಬೆಂಕಿ ಬಿದ್ದು, ಎಡಗೈಯ ಉಂಗುರ ಬೆರಳು, ಕಿರುಬೆರಳು ಸೆಟೆದುಕೊಂಡವು. ಮುಂದೆ ಅವನು ಸೋಲೋ ನುಡಿಸಿದ್ದು ಉಳಿದ ಎರಡು ಬೆರಳುಗಳಲ್ಲಿ. ಸೆಟೆದ ಬೆರಳುಗಳನ್ನು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವಾಗ ಮಾತ್ರ ತಂತಿಯ ಮೇಲೆ ಒತ್ತುತ್ತಿದ್ದ. ನಟ ರೆಡಾ ಕತೆಬ್ ಇದನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಸಂಗೀತ ರೋಸನ್‌ಬರ್ಗ್ ಟ್ರಿಯೋದವರದು, ಅದೂ ಚೆನ್ನಾಗಿದೆ.

ನಟಿ ಸಿಸಿಲ್ ದ ಫ್ರಾನ್ಸ್ ಮಾಡಿರುವ, ಜಾಂಗೋನ ಗೆಳತಿ ಲೂಯಿಸ್ ಪಾತ್ರ ಕಲ್ಪಿತ. ಅದಕ್ಕೆ ನನ್ನ ತಕರಾರಿಲ್ಲ. ಹತ್ತಾರು ಜನರ ಬದುಕನ್ನು ಒಂದು ಪಾತ್ರದೊಳಗೆ ತುಂಬುವುದು ಸಿನಿಮಾಕ್ಕೆ ಬೇಕಾಗುತ್ತದೆ. ಇನ್ನು, 1943ರಲ್ಲಿ ಸ್ವಿಟ್ಜರ್ಲೆಂಡಿಗೆ ಓಡಿಹೋಗಲು ನೋಡಿ ಸಿಕ್ಕಿಬಿದ್ದ ಜಾಂಗೋನನ್ನು ಜಾಝ್ ಹುಚ್ಚಿದ್ದ ಒಬ್ಬ ಜರ್ಮನ್ ಅಧಿಕಾರಿ ಬಿಟ್ಟು ಕಳಿಸಿದ್ದು ನಿಜವಾಗಿ ನಡೆದದ್ದು. ಚಿತ್ರಕಥೆಯಲ್ಲಿ ಓದಿದ್ದರೆ ಯಾರೂ ನಂಬುತ್ತಿರಲಿಲ್ಲ. ಮತ್ತೆ ಪ್ರಯತ್ನಿಸಿದಾಗ ಸ್ವಿಸ್ ಗಡಿ ಕಾವಲುಗಾರರೇ ಅವನನ್ನು ವಾಪಸ್ ಕಳಿಸಿದರು.

ನನ್ನ ತಕರಾರು ಇರುವುದು ಮೊದಲ ದೃಶ್ಯದ ಬಗ್ಗೆ. 1943, ಫ್ರಾನ್ಸಿನ ಆರ್ಡೆನ್ ಕಾಡು. ಬೆಂಕಿಯ ಸುತ್ತ ಕೂತು ಹಾಡುತ್ತಿದ್ದ ರೋಮಾ ಕುಟುಂಬವನ್ನು ಜರ್ಮನ್ ಸೈನಿಕರು ಗುಂಡಿಟ್ಟು ಕೊಲ್ಲುತ್ತಾರೆ. ಪೂರ್ವ ಯುರೋಪಿನಲ್ಲಿ ಇಂಥ ಹತ್ಯೆಗಳು ಸಾಲುಸಾಲಾಗಿ ನಡೆದವು. ಫ್ರಾನ್ಸಿನಲ್ಲಿ ನಡೆದದ್ದರ ಬಗೆ ಬೇರೆ.

ಅಲ್ಲಿ ಅಲೆಮಾರಿಗಳ ಓಡಾಟ ನಿಷೇಧಿಸುವ ಆದೇಶ ಹೊರಟದ್ದು 1940ರ ಏಪ್ರಿಲ್ 6ರಂದು. ಜರ್ಮನ್ನರು ಪ್ಯಾರಿಸ್ ಹೊಕ್ಕದ್ದು ಜೂನ್ 14ಕ್ಕೆ. ಅಂದರೆ ಆ ಆದೇಶ ಫ್ರೆಂಚ್ ಗಣರಾಜ್ಯದ್ದೇ. ಅಕ್ಟೋಬರಿನಲ್ಲಿ ಇವರನ್ನು ಶಿಬಿರಗಳಿಗೆ ತಳ್ಳಿ ಅಂತ ಹೇಳಿದವರು ಜರ್ಮನ್ನರು ನಿಜ. ಆದರೆ ಹಿಡಿದು ತಂದವರು, ಬೀಗ ಹಾಕಿದವರು, ಕಾವಲು ನಿಂತವರು ಫ್ರೆಂಚರು. ಮೊಂತ್ರೆ-ಬೆಲೆಯಂಥ ಶಿಬಿರಗಳಲ್ಲಿ ಸುಮಾರು 6,500 ಜನ, ಅವರಲ್ಲಿ ಎಷ್ಟೋ ಮಕ್ಕಳು, ಹಸಿವು ಚಳಿಯಲ್ಲಿ ದಿನ ದೂಡಿದರು. 1944ರ ಜನವರಿಯಲ್ಲಿ ಬೆಲ್ಜಿಯಂನ ಮೆಕೆಲೆನ್‌ನಿಂದ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಹೊರಟ ರೈಲಿನಲ್ಲಿದ್ದ 351 ಜನರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹಿಡಿದವರೂ ಇದ್ದರು. ಫ್ರೆಂಚ್ ಅಧ್ಯಕ್ಷರೊಬ್ಬರು ತಮ್ಮ ದೇಶದ ಹೊಣೆಯನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು 2016ರಲ್ಲಿ, ಈ ಸಿನಿಮಾ ಬರುವ ಹಿಂದಿನ ವರ್ಷ.

ಕಾಡಿನ ಆ ದೃಶ್ಯದಿಂದ ಪ್ರೇಕ್ಷಕನ ಮನಸ್ಸಿಗೆ ಸುಲಭದ ಉತ್ತರ ಸಿಗುತ್ತದೆ: ಕೆಟ್ಟವರು ಹೊರಗಿನಿಂದ ಬಂದರು. ಆ ಚಿತ್ರಕಥೆ ನನ್ನ ಮೇಜಿಗೆ ಬಂದಿದ್ದರೆ, ಅಲ್ಲಿ ಒಬ್ಬ ಫ್ರೆಂಚ್ ಪೊಲೀಸ್ ಪೇದೆ ರೋಮಾ ಕುಟುಂಬದ ಗುರುತಿನ ಪುಸ್ತಕ ಕಸಿದುಕೊಂಡು ಅವರನ್ನು ಶಿಬಿರದ ಗೇಟಿನೊಳಗೆ ಬಿಡುವ ದೃಶ್ಯ ಹಾಕಿ ಅಂತ ಬರೆಯುತ್ತಿದ್ದೆ.

ಸಿನಿಮಾ ಮುಗಿಯುವುದು ಯುದ್ಧ ನಿಂತ ಮೇಲೆ, 1945ರಲ್ಲಿ, ಸತ್ತ ರೋಮಾ ಜನರಿಗಾಗಿ ನುಡಿಸುವ ಸಂಗೀತದೊಂದಿಗೆ. ಫ್ರಾನ್ಸಿನದೇ ಆದ ಅಂಗುಲೇಮ್ ಶಿಬಿರದ ಕೊನೆಯ ಕುಟುಂಬಗಳು ಹೊರಗೆ ಬಂದದ್ದು 1946ರಲ್ಲಿ.