ಕಂದಹಾರದ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಲದು

ಉತ್ತರ ಪತ್ರಿಕೆ ತಿದ್ದುವಾಗ ನನಗೆ ತುಂಬಾ ಬೇಜಾರು ತರಿಸುವ ವಾಕ್ಯ ಒಂದಿದೆ. "ಅಫ್ಘನ್ನರು ಸುನ್ನಿಗಳು, ಇರಾನಿಗಳು ಶಿಯಾಗಳು, ಆದ್ದರಿಂದ ಯುದ್ಧವಾಯಿತು." 1722ರಲ್ಲಿ ಆಗಿನ ಇರಾನಿನ ರಾಜಧಾನಿ ಇಸ್ಫಹಾನ್ ಯಾಕೆ ಬಿತ್ತು ಅಂತ ಕೇಳಿದರೂ ಇದೇ ಉತ್ತರ. 1738ರಲ್ಲಿ ಇರಾನಿನ ದೊರೆ ನಾದಿರ್ ಶಾ ಹಳೇ ಕಂದಹಾರವನ್ನು ಯಾಕೆ ಹಾಳುಗೆಡವಿದ ಅಂತ ಕೇಳಿದರೂ ಇದೇ. ಬರೆಯುವ ಮಕ್ಕಳು ದಡ್ಡರಲ್ಲ. ಇಸವಿಗಳೆಲ್ಲ ಬಾಯಿಪಾಠ. ಆದರೆ ಇವತ್ತಿನ ಭೂಪಟ ಮುಂದಿಟ್ಟುಕೊಂಡು ಆ ಕಾಲವನ್ನು ಓದುತ್ತಾರೆ. ಎಡವುವುದು ಅಲ್ಲೇ.

1709ರಲ್ಲಿ ಅಫ್ಘಾನಿಸ್ತಾನ ಅನ್ನುವ ದೇಶವೇ ಇರಲಿಲ್ಲ. ಕಂದಹಾರ ಇರಾನನ್ನು, ಅಂದರೆ ಪರ್ಷಿಯಾವನ್ನು, ಆಳುತ್ತಿದ್ದ ಸಫವಿ ಮನೆತನದ ಶಾಗಳ (ದೊರೆಗಳ) ಕೈಕೆಳಗಿನ ಒಂದು ಪ್ರಾಂತ್ಯ. ಅದಕ್ಕೂ ಹಿಂದೆ ಮೊಘಲರ ಕೈಗೂ ಸಫವಿಗಳ ಕೈಗೂ ಓಡಾಡಿದ ಊರದು. ಔರಂಗಜೇಬ್, ದಾರಾ ಶಿಕೋ ಇಬ್ಬರೂ ಅದಕ್ಕೆ ಮುತ್ತಿಗೆ ಹಾಕಿ ಬರಿಗೈಲಿ ವಾಪಸಾದರು. ಆ ವರ್ಷ ಅಲ್ಲಿ ಬಂಡಾಯ ಎಬ್ಬಿಸಿದ ಮೀರ್ ವೈಸ್ ಹೋತಕ್ ಹೊರಗಿನಿಂದ ದಂಡೆತ್ತಿ ಬಂದವನಲ್ಲ. ಘಿಲ್ಜಾಯಿ ಬುಡಕಟ್ಟಿನವನು, ಕಂದಹಾರದ ನಗರಾಧಿಕಾರಿ, ಅಂದರೆ ಶಾನ ಸರ್ಕಾರದವನೇ. ಅವನು ತಿರುಗಿಬಿದ್ದದ್ದು ಗವರ್ನರ್ ಗುರ್ಗಿನ್ ಖಾನನ ಮೇಲೆ. ಆ ಗುರ್ಗಿನ್ ಖಾನ್ ಪರ್ಷಿಯನ್ನನೂ ಅಲ್ಲ, ಜಾರ್ಜಿಯಾದ ರಾಜಮನೆತನದವನು. ಅವನ ಜಾರ್ಜಿಯನ್ ಪಡೆ ಕೊಟ್ಟ ಕಾಟಕ್ಕೆ ಊರು ರೋಸಿಹೋಗಿತ್ತು.

ಈಗ ಹೇಳಿ, ಇದು ಎರಡು ದೇಶಗಳ ಯುದ್ಧವಾ?

ಮತ ಲೆಕ್ಕಕ್ಕೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಗುರ್ಗಿನ್ ಖಾನ್ ಮೀರ್ ವೈಸ್‌ನನ್ನು ಹಿಡಿದು ಇಸ್ಫಹಾನಿಗೆ ಕಳಿಸಿದ. ಅವನು ಅಲ್ಲಿ ದರ್ಬಾರಿನವರ ಮನಸ್ಸನ್ನೇ ಗೆದ್ದ. ಮೆಕ್ಕಾಗೆ ಹೋಗಿ ಬಂಡಾಯಕ್ಕೆ ಫತ್ವಾ ಪಡೆದು ಬಂದ ಅನ್ನುವುದನ್ನು ಇತಿಹಾಸಕಾರರು ಬರೆದಿದ್ದಾರೆ. ಶಾ ಸುಲ್ತಾನ್ ಹುಸೇನನ ಕಾಲದಲ್ಲಿ ಸುನ್ನಿ ಪ್ರಜೆಗಳ ಮೇಲೆ ಒತ್ತಡ ಹೆಚ್ಚಿತ್ತು ಅನ್ನುವುದೂ ನಿಜ. ಜನರನ್ನು ಒಟ್ಟುಗೂಡಿಸಲು ಇದೆಲ್ಲ ನೆರವಾಯಿತು. ಆದರೆ ಯಾರು ಯಾರ ಪರ ನಿಂತರು ಅನ್ನುವುದಕ್ಕೆ ಇದು ಉತ್ತರ ಕೊಡುವುದಿಲ್ಲ. ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವುದು ಇದನ್ನೇ: ದೊರೆಯ ಮತ ಕೇಳುವ ಮೊದಲು ಅವನ ದಂಡಿನಲ್ಲಿ ಯಾರಿದ್ದರು ನೋಡಿ.

ಗುಲ್ನಾಬಾದನ್ನೇ ತಗೊಳ್ಳಿ. ದಿನಾಂಕ 1722ರ ಮಾರ್ಚ್ 8. ಇಸ್ಫಹಾನಿನ ಹತ್ತಿರದ ಊರು. ಮೀರ್ ವೈಸ್‌ನ ಮಗ ಮಹಮೂದ್ ಒಂದು ಕಡೆ, ಶಾನ ಸೈನ್ಯ ಇನ್ನೊಂದು ಕಡೆ. ಶಾನ ಕಡೆ ಜನ ಎರಡರಷ್ಟು ಅಥವಾ ಇನ್ನೂ ಜಾಸ್ತಿ ಇದ್ದರು. ನಿಖರ ಸಂಖ್ಯೆ ಬರೆಯಲು ಹೋಗಬೇಡಿ, ಒಂದೊಂದು ಆಕರ ಒಂದೊಂದು ಹೇಳುತ್ತದೆ. ಅಫ್ಘನ್ನರ ಬಲಪಕ್ಷ ಹಿಂದೆ ಸರಿದಂತೆ ಮಾಡಿತು. ಸವಾರರು ಪಕ್ಕಕ್ಕೆ ಸರಿದ ಜಾಗದಲ್ಲಿ ಮಂಡಿಯೂರಿ ಕೂತ ಒಂಟೆಗಳ ಸಾಲು ಕಾಣಿಸಿತು. ಒಂದೊಂದರ ಬೆನ್ನ ಮೇಲೂ ಜಂಬೂರಕ್, ಅಂದರೆ ತಿರುಗುವ ಸಣ್ಣ ಫಿರಂಗಿ. ಬೆನ್ನಟ್ಟಿ ಬಂದ ಸವಾರರು ನೇರ ಅದರ ಬಾಯಿಗೇ ಬಿದ್ದರು.

ಈಗ ಹೆಸರುಗಳನ್ನು ನೋಡಿ. ಶಾನ ಕಡೆ ಕೊನೆಯವರೆಗೂ ಹೋರಾಡಿ ಸತ್ತ ರುಸ್ತುಂ ಖಾನ್ ಜಾರ್ಜಿಯನ್. ಮಹಮೂದನ ಕಡೆ ಒಂದು ತುಕಡಿ ನಡೆಸಿದ ನಸ್ರುಲ್ಲಾ ಜರತುಷ್ಟ್ರನ ಮತದವನು ಅಂತ ಆ ಕಾಲದವರು ಬರೆದಿದ್ದಾರೆ. "ಸುನ್ನಿ ದಂಡಿಗೆ" ಪಾರಸಿ ಸೇನಾಪತಿ! ಇನ್ನು ಶಾನ ಪ್ರಧಾನ ವಜೀರನಾಗಿದ್ದ ಫತೇ ಅಲಿ ಖಾನ್ ದಾಗೆಸ್ತಾನದ ಸುನ್ನಿ. 1720ರಲ್ಲಿ ದರ್ಬಾರಿನ ಒಳಜಗಳದಲ್ಲಿ ಅವನ ಕಣ್ಣು ಕೀಳಿಸಿದರು. ಅವನ ನಂಟನಾದ ಸೇನಾಪತಿಯನ್ನೂ ಸೆರೆಗೆ ಹಾಕಿದರು. ನನ್ನ ಮಟ್ಟಿಗೆ ಇಸ್ಫಹಾನಿನ ಸೋಲು ಶುರುವಾದದ್ದು ಗುಲ್ನಾಬಾದಿನಲ್ಲಲ್ಲ, ಇಲ್ಲಿ.

ಗುಲ್ನಾಬಾದಿನಲ್ಲಿ ಗೆದ್ದ ಮಹಮೂದ್ ಇಸ್ಫಹಾನಿಗೆ ಹಾಕಿದ ಮುತ್ತಿಗೆ ಅಕ್ಟೋಬರ್‌ವರೆಗೂ ನಡೆಯಿತು. ಗೋಡೆ ಹತ್ತಿ ಊರು ಹಿಡಿಯುವಷ್ಟು ಜನ ಮಹಮೂದನ ಹತ್ತಿರ ಇರಲಿಲ್ಲ. ಅವನು ದಾರಿಗಳನ್ನು ಕಟ್ಟಿ ಸುಮ್ನೆ ಕೂತ. ಒಳಗೆ ಕಾಳು ಮುಗಿಯಿತು. ಜನ ಒಂಟೆ, ಹೇಸರಗತ್ತೆ ತಿಂದರು. ಆಮೇಲೆ ನಾಯಿ, ಬೆಕ್ಕು. ಆಮೇಲೆ ಮರದ ತೊಗಟೆ, ಚಪ್ಪಲಿಯ ಚರ್ಮ. ಕತ್ತಿಗಿಂತ ಹೆಚ್ಚು ಜನರನ್ನು ಕೊಂದದ್ದು ಹಸಿವು. ಜಾರ್ಜಿಯಾದ ದೊರೆ ವಖ್ತಾಂಗ್ ನೆರವಿಗೆ ಬರಲೇ ಇಲ್ಲ. ಅಕ್ಟೋಬರ್ 23ರಂದು ಶಾ ಊರ ಹೊರಗೆ ಮಹಮೂದ್ ಬೀಡುಬಿಟ್ಟಿದ್ದ ಫರಹಾಬಾದಿಗೆ ಹೋಗಿ ತನ್ನ ಕಿರೀಟದ ತುರಾಯಿಯನ್ನು ಮಹಮೂದನ ಪೇಟಕ್ಕೆ ಸಿಕ್ಕಿಸಿದ. ಹೀಗೆ ಮಹಮೂದ್ ಇರಾನಿನ ಶಾ ಆದ. ಅವನಿಗೆ ಬೇಕಾಗಿದ್ದದ್ದೂ ಆ ಸಿಂಹಾಸನವೇ.

ಮತವೇ ಕಾರಣ ಅನ್ನುವವರಿಗೆ ನಾನು ಕೇಳುವ ಪ್ರಶ್ನೆ 1726ರದು. ಆ ಹೊತ್ತಿಗೆ ಮಹಮೂದನ ಜಾಗದಲ್ಲಿ ಅವನ ದಾಯಾದಿ ಅಶ್ರಫ್ ಕೂತಿದ್ದ. ಅವನ ಮೇಲೆ ದಂಡೆತ್ತಿ ಬಂದವರು ಒಟ್ಟೋಮನ್ನರು, ಅಂದರೆ ತುರ್ಕರು. ಅವರೂ ಸುನ್ನಿಗಳೇ. ಅಶ್ರಫ್ ಅವರ ಪಾಳೆಯಕ್ಕೆ ಮೌಲ್ವಿಗಳನ್ನು ಕಳಿಸಿ "ಒಂದೇ ಮತದವರು ಯಾಕೆ ಹೊಡೆದಾಡಬೇಕು" ಅಂತ ಹೇಳಿಸಿದ. ಎದುರಾಳಿಯ ದಂಡಿನಲ್ಲಿದ್ದ ಕುರ್ದರು ಜಾಗ ಬಿಟ್ಟರು. ಗೆದ್ದದ್ದು ಅಶ್ರಫ್. ಮತ ಇಲ್ಲಿ ಕೆಲಸ ಮಾಡಿತು, ನಿಜ. ಆದರೆ ಸುನ್ನಿಯ ಕೈಯಲ್ಲಿ, ಸುನ್ನಿಯ ವಿರುದ್ಧ.

ಇನ್ನೂ ಗಟ್ಟಿ ಸಾಕ್ಷಿ ಅಬ್ದಾಲಿಗಳದು. ಅವರೂ ಅಫ್ಘನ್ನರು, ಅವರೂ ಸುನ್ನಿಗಳು. ಹೆರಾತ್ ಅವರ ನೆಲೆ. ಅವರಿಗೂ ಘಿಲ್ಜಾಯಿಗಳಿಗೂ ಹಳೇ ಹಗೆ. ಮಹಮೂದ್ ಇಸ್ಫಹಾನಿಗೆ ಹೊರಡುವ ಮೊದಲು ದಿಲಾರಾಮ್ ಹತ್ತಿರ ಸೋಲಿಸಿದ್ದು ಇವರನ್ನೇ. ಅದಕ್ಕೆ ಸಂತೋಷಪಟ್ಟು ಮಹಮೂದನಿಗೆ ಬಿರುದು ಕೊಟ್ಟವನು ಯಾರು ಗೊತ್ತಾ? ಅದೇ ಶಾ ಸುಲ್ತಾನ್ ಹುಸೇನ್.

ಮುಂದೆ ಶಾ ಆಗಲಿದ್ದ ಸೇನಾಪತಿ ನಾದಿರ್ 1729ರಲ್ಲಿ ಮಿಹ್ಮಾನ್‌ದೋಸ್ತ್‌ನಲ್ಲೂ ಮುರ್ಚೆಖೋರ್ತ್‌ನಲ್ಲೂ ಅಶ್ರಫ್‌ನನ್ನು ಸೋಲಿಸಿ ಓಡಿಸಿದ. 1732ರಲ್ಲಿ ಹೆರಾತ್ ಹಿಡಿದ. ಸೋತ ಅಬ್ದಾಲಿಗಳನ್ನು ತನ್ನ ಸೈನ್ಯಕ್ಕೇ ಸೇರಿಸಿಕೊಂಡ. 1737ರಲ್ಲಿ ಹೋತಕರ ಕಂದಹಾರಕ್ಕೆ ಮುತ್ತಿಗೆ ಹಾಕಿದಾಗ ಅವನ ಜೊತೆ ಅಬ್ದಾಲಿ ದಂಡೂ ಇತ್ತು. ಸುಮಾರು ಒಂದು ವರ್ಷದ ಮೇಲೆ ಊರು ಬಿತ್ತು. ಹೋತಕರ ಸೆರೆಮನೆಯಿಂದ ಆಗ ಹೊರಬಂದವರಲ್ಲಿ ಅಹಮದ್ ಖಾನ್ ಅನ್ನುವ ಅಬ್ದಾಲಿ ಯುವಕನೂ ಇದ್ದ. ಅಫ್ಘನ್ನರು ಸೆರೆ ಹಾಕಿದವನನ್ನು ಪರ್ಷಿಯಾದ ಶಾ ಬಿಡಿಸಿದ. ಅವನು ನಾದಿರನ ದಂಡಿನಲ್ಲೇ ಬೆಳೆದ. ನಾದಿರ್ ಘಿಲ್ಜಾಯಿಗಳನ್ನು ಎಬ್ಬಿಸಿ ಕಂದಹಾರದ ಜಮೀನನ್ನು ಅಬ್ದಾಲಿಗಳಿಗೆ ಕೊಟ್ಟ. 1747ರಲ್ಲಿ ನಾದಿರನ ಕೊಲೆಯಾದಾಗ ಅಹಮದ್ ತನ್ನವರ ಜೊತೆ ಅದೇ ಕಂದಹಾರಕ್ಕೆ ಬಂದು ದೊರೆಯಾದ. 1761ರಲ್ಲಿ ಪಾಣಿಪತ್‌ನಲ್ಲಿ ಮರಾಠರನ್ನು ಸೋಲಿಸಿದ ಅಹಮದ್ ಶಾ ಅಬ್ದಾಲಿ ಇವನೇ. ಮಶಹದ್‌ನಲ್ಲಿದ್ದ ನಾದಿರನ ಕುರುಡ ಮೊಮ್ಮಗ ಶಾರುಖನನ್ನು ಅವನು ತೆಗೆದುಹಾಕಲಿಲ್ಲ, ತನ್ನ ಅಧೀನ ದೊರೆಯಾಗಿ ಉಳಿಸಿಕೊಂಡ. ಶಾರುಖ್ ಉಳಿದದ್ದರಿಂದ ಪಶ್ಚಿಮಕ್ಕೆ ಒಂದು ತಡೆಗೋಡೆ ಸಿಕ್ಕಿತು ಅಂತ ನನ್ನ ಅನಿಸಿಕೆ.

"ಸರ್, ಇದೆಲ್ಲ ನಮಗೆ ಯಾಕೆ?" ಅಂತ ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆ ನನಗೆ ಇಷ್ಟ, ಯಾಕೆಂದರೆ ಉತ್ತರ ಶ್ರೀರಂಗಪಟ್ಟಣದಲ್ಲಿದೆ. ಟಿಪ್ಪು ಸುಲ್ತಾನ್ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನೆರವು ಕೇಳಿ ಅಹಮದ್ ಶಾನ ಮೊಮ್ಮಗ ಜಮಾನ್ ಶಾನಿಗೆ ಪತ್ರ ಬರೆದಿದ್ದ. ಜಮಾನ್ ಶಾ 1798ರ ಕೊನೆಗೆ ಲಾಹೋರಿನವರೆಗೆ ಬಂದ. ಕಂಪನಿ ಏನು ಮಾಡಿತು? ಪರ್ಷಿಯಾದ ಬಂದರು ಬುಷೇರ್‌ನಲ್ಲಿದ್ದ ತನ್ನ ಪ್ರತಿನಿಧಿ ಮೆಹದಿ ಅಲಿ ಖಾನನ ಮೂಲಕ ಪರ್ಷಿಯಾದ ಫತೇ ಅಲಿ ಶಾನನ್ನು ಜಮಾನ್ ಶಾನ ಬೆನ್ನಿಗೆ ಎತ್ತಿಕಟ್ಟಲು ನೋಡಿತು. ಜಮಾನ್ ಶಾನ ಅಣ್ಣ ಮಹಮೂದ್ ಆಗಲೇ ಪರ್ಷಿಯಾದ ಆಸರೆ ಪಡೆದು ತಮ್ಮನ ಮೇಲೆ ಹೊಂಚುತ್ತಿದ್ದ. 1799ರ ಆರಂಭದಲ್ಲಿ ಜಮಾನ್ ಶಾ ಲಾಹೋರ್ ಬಿಟ್ಟು ವಾಪಸ್ ಹೋದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅವನು ವಾಪಸಾಗದಿದ್ದರೆ ಟಿಪ್ಪು ಉಳಿಯುತ್ತಿದ್ದ ಅಂತ ಯಾರೂ ಬರೆಯಬೇಡಿ, ಲಾಹೋರ್ ಎಲ್ಲಿ, ಮೈಸೂರು ಎಲ್ಲಿ! ಆದರೆ ಇಲ್ಲೂ ಅದೇ ಪ್ರಶ್ನೆ ಹಾಕಿ ನೋಡಿ. ಸುನ್ನಿ ತಮ್ಮನ ವಿರುದ್ಧ ಸುನ್ನಿ ಅಣ್ಣ, ಅವನ ಬೆನ್ನಿಗೆ ಶಿಯಾ ದೊರೆ, ಆ ದೊರೆಯ ಕಿವಿಯಲ್ಲಿ ಕಂಪನಿ. ಅಂಕ ಸಿಗುವುದು ಇದನ್ನು ಬರೆದವರಿಗೆ.