ಹೆರಿಟೇಜ್ ಹೋಟೆಲ್ ನಿಯಮ: ಶೇ. 50 ಅಂದರೆ ಯಾವುದರ ಶೇ. 50?

ಹಾಸನ, ಚಿಕ್ಕಮಗಳೂರು ಕಡೆ ಟೂರಿಸಂ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಹಳೇ ಕಟ್ಟಡಗಳು ಹೋಟೆಲ್ ಆದ ಉದಾಹರಣೆಗಳು ನಮಗೆಲ್ಲ ಬಾಯಿಗೆ ಬರುತ್ತವೆ. ಉದಯಪುರದ ಕೆರೆ ನಡುವಿನ ಜಗ್ ನಿವಾಸ್ 18ನೇ ಶತಮಾನದ್ದು, 1963ರಲ್ಲಿ ಹೋಟೆಲ್ ಆಯಿತು. ಮೈಸೂರಿನ ಲಲಿತಮಹಲ್‌ಗೆ ನಾಲ್ವಡಿಯವರ ಕಾಲದಲ್ಲಿ, 1921ರಲ್ಲಿ, ಅಡಿಗಲ್ಲು ಬಿತ್ತು. ಅದು ಹೋಟೆಲ್ ಆದದ್ದು 1974ರಲ್ಲಿ. ಇದೆಲ್ಲ ಸುಲಭ. ತಲೆ ಕೆಡಿಸುವುದು ದರ್ಜೆ ಕೊಡುವ ನಿಯಮ, ಅದರಲ್ಲೂ ಒಂದೇ ಒಂದು ವಾಕ್ಯ. ಅದನ್ನೇ ಇಲ್ಲಿ ಜಾಸ್ತಿ ಬಿಡಿಸಿದ್ದೇನೆ.

ಮೊದಲು ದರ್ಜೆಗಳು, ಬೇಗ ಮುಗಿಸೋಣ

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮೂರು ದರ್ಜೆ ಮಾಡಿದೆ: ಹೆರಿಟೇಜ್ ಬೇಸಿಕ್, ಹೆರಿಟೇಜ್ ಕ್ಲಾಸಿಕ್, ಹೆರಿಟೇಜ್ ಗ್ರಾಂಡ್. ಅರಮನೆ, ಕೋಟೆ, ಹವೇಲಿ, ಬೇಟೆ ಬಂಗಲೆ ಮಾತ್ರವಲ್ಲ, ಜನ ವಾಸ ಮಾಡಿದ ಮನೆಯೂ ಇದರಲ್ಲಿ ಬರುತ್ತದೆ. ನಮ್ಮ ಕಡೆಯ ತೊಟ್ಟಿ ಮನೆ, ತೋಟದ ಬಂಗಲೆಗಳಿಗೆ ಬಾಗಿಲು ತೆರೆದಿರುವುದು ಈ ಕಾರಣಕ್ಕೆ.

ಬೇಸಿಕ್‌ಗೆ ಕಟ್ಟಡ 1950ಕ್ಕಿಂತ ಮುಂಚಿನದಾಗಿರಬೇಕು. ಕನಿಷ್ಠ 5 ರೂಮು, 10 ಹಾಸಿಗೆ. ಕ್ಲಾಸಿಕ್ ಮತ್ತು ಗ್ರಾಂಡ್ ಎರಡಕ್ಕೂ 1935ಕ್ಕಿಂತ ಮುಂಚಿನ ಕಟ್ಟಡ, ಕನಿಷ್ಠ 15 ರೂಮು, 30 ಹಾಸಿಗೆ. ಹಾಗಾದರೆ ಈ ಎರಡರ ನಡುವೆ ವ್ಯತ್ಯಾಸ ಎಲ್ಲಿ? ವಯಸ್ಸಿನಲ್ಲಲ್ಲ, ಸೌಕರ್ಯದಲ್ಲಿ. ಗ್ರಾಂಡ್‌ನಲ್ಲಿ ಕನಿಷ್ಠ ಅರ್ಧ ರೂಮುಗಳಿಗೆ ಎ.ಸಿ. ಬೇಕು, ಗಿರಿಧಾಮವಾದರೆ ರೂಮು ಬೆಚ್ಚಗಿಡುವ ವ್ಯವಸ್ಥೆ. ಈಜುಕೊಳ, ಟೆನಿಸ್, ಕುದುರೆ ಸವಾರಿಯಂಥ ಸೌಲಭ್ಯ ಕ್ಲಾಸಿಕ್‌ಗೆ ಒಂದಾದರೂ ಬೇಕು, ಗ್ರಾಂಡ್‌ಗೆ ಎರಡಾದರೂ ಬೇಕು.

ರೂಮು ಇಷ್ಟೇ ದೊಡ್ಡದಿರಬೇಕು ಎಂಬ ಅಳತೆ ಯಾವ ದರ್ಜೆಗೂ ಇಲ್ಲ. ಬಾತ್‌ರೂಮಿಗೂ ಇಲ್ಲ. ಇದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಎರಡಡಿ ದಪ್ಪದ ಗೋಡೆಯನ್ನು ಅಳತೆಗೆ ತಕ್ಕಂತೆ ಸರಿಸಲು ಹೋದರೆ ಉಳಿಸಬೇಕಾದ್ದೇ ಹೋಗುತ್ತದೆ, ಅಲ್ವಾ?

ಈಗ ಆ ವಾಕ್ಯ

ಹಳೇ ಕಟ್ಟಡಕ್ಕೆ ಹೊಸದಾಗಿ ಸೇರಿಸಿದ ಭಾಗವು, ಹಳೆಯದು ಮತ್ತು ಹೊಸದು ಸೇರಿದ ಒಟ್ಟು ವಿಸ್ತೀರ್ಣದ ಶೇ. 50ನ್ನು ಮೀರಬಾರದು. ನಿಯಮದ ಸಾರ ಇಷ್ಟೇ.

ಓದಿದ ತಕ್ಷಣ ತಲೆಗೆ ಬರುವ ಅರ್ಥ: ಹಳೇ ಮನೆ ಎಷ್ಟಿದೆಯೋ ಅದರ ಅರ್ಧದಷ್ಟು ಹೊಸದು ಕಟ್ಟಬಹುದು. ಈ ಅರ್ಥ ತಪ್ಪು. ಎಲ್ಲ ಗೊಂದಲದ ಬೇರು ಇಲ್ಲೇ ಇದೆ.

ಸಕಲೇಶಪುರದ ಹತ್ತಿರ ತೋಟದ ಬಂಗಲೆ ಒಂದಿದೆ ಅಂತ ಇಟ್ಟುಕೊಳ್ಳಿ. ವಿಸ್ತೀರ್ಣ 6,000 ಚದರ ಅಡಿ. ಮೇಲಿನ ಅರ್ಥದ ಪ್ರಕಾರ ಹೊಸದು 3,000 ಚದರ ಅಡಿಗೆ ನಿಲ್ಲಬೇಕು. ಆದರೆ ಆಗ ಒಟ್ಟು 9,000. ಅದರಲ್ಲಿ 3,000 ಅಂದರೆ ಮೂರನೇ ಒಂದು ಭಾಗ, ಶೇ. 33ರ ಹತ್ತಿರ. ಮಿತಿ ಇನ್ನೂ ಬಂದೇ ಇಲ್ಲ. ಹೊಸದನ್ನು 4,500 ಮಾಡಿ. ಒಟ್ಟು 10,500, ಹೊಸದು ಶೇ. 43ರ ಆಸುಪಾಸು. ಇನ್ನೂ ಜಾಗ ಇದೆ. 6,000 ಮಾಡಿ. ಒಟ್ಟು 12,000, ಹೊಸದು ಸರಿಯಾಗಿ ಶೇ. 50. ಇಲ್ಲಿಗೆ ನಿಲ್ಲಬೇಕು. 7,000 ಮಾಡಿದರೆ ಒಟ್ಟು 13,000, ಹೊಸದು ಶೇ. 53ಕ್ಕಿಂತ ಜಾಸ್ತಿ. ನಿಯಮ ಮುರಿಯಿತು.

ಯಾಕೆ ಹೀಗೆ? ಹೊಸದನ್ನು ಸೇರಿಸಿದಂತೆಲ್ಲ ಒಟ್ಟು ಲೆಕ್ಕವೂ ಬೆಳೆಯುತ್ತದೆ. ನಾವು ಅಳೆಯುತ್ತಿರುವುದು ನಿಂತಲ್ಲೇ ನಿಂತ ಸಂಖ್ಯೆಗೆ ಅಲ್ಲ. ಇದು ಹಿಡಿದರೆ ಮುಂದಿನದು ತಾನಾಗಿ ಬರುತ್ತದೆ.

ಪರೀಕ್ಷೆಯಲ್ಲಿ ಶೇಕಡಾ ಲೆಕ್ಕ ಮಾಡುತ್ತಾ ಕೂರಬೇಡಿ. ಒಂದೇ ಪ್ರಶ್ನೆ ಕೇಳಿ: ಹೊಸದು ಹಳೆಯದಕ್ಕಿಂತ ದೊಡ್ಡದಾಯಿತಾ? ಆಗಿಲ್ಲದಿದ್ದರೆ ಪಾಸು. ಹಳೆಯದು 7,000, ಹೊಸದು 8,000 ಅಂತ ಕೊಟ್ಟರೆ ಪೆನ್ನು ಎತ್ತುವ ಮುಂಚೆಯೇ ಉತ್ತರ ಹೇಳಬಹುದು.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ಹೊರಡುತ್ತದೆ. ಅದೇ 6,000 ಚದರ ಅಡಿ ಬಂಗಲೆಯ ಮಾಲೀಕರು ಹಿಂಬದಿಯ ಅಡುಗೆ ಮನೆ ಭಾಗ 1,000 ಚದರ ಅಡಿ ಕೆಡವಿದರು ಅನ್ನಿ. ಉಳಿದ ಹಳೆಯದು 5,000. ಹೊಸದರ ಮಿತಿಯೂ 5,000ಕ್ಕೆ ಇಳಿಯಿತು. ಒಟ್ಟು 12,000 ಆಗಬಹುದಾಗಿದ್ದದ್ದು ಈಗ 10,000. ಒಂದು ಅಡಿ ಹಳೆಯದು ಕೆಡವಿದರೆ ಒಟ್ಟಿನಲ್ಲಿ ಎರಡು ಅಡಿ ಹೋಗುತ್ತದೆ. ಹಳೆಯದನ್ನು ಉಳಿಸಿಕೊಂಡವರಿಗೆ ಹೊಸದು ಕಟ್ಟಲು ಜಾಸ್ತಿ ಅವಕಾಶ ಕೊಡುವ ಲೆಕ್ಕ ಇದು. ಈ ನಿಯಮದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಏನು ಲೆಕ್ಕಕ್ಕೆ ಬರುತ್ತದೆ, ಏನು ಬರಲ್ಲ? ಈಜುಕೊಳ, ಹುಲ್ಲುಹಾಸು ಬಿಡಬೇಕು, ನಿಯಮದಲ್ಲೇ ಹಾಗಿದೆ. ಅಲ್ಲಿರುವ ಪದ ಪ್ಲಿಂತ್ ಏರಿಯಾ. ಕೇಳಿದರೆ ಬರೀ ತಳಪಾಯದ ಲೆಕ್ಕ ಅನ್ನಿಸುತ್ತದೆ. ಹಾಗಲ್ಲ. ಪ್ರತಿ ಅಂತಸ್ತಿನಲ್ಲೂ ಸೂರಿನ ಕೆಳಗಿರುವ ಜಾಗವನ್ನು ಗೋಡೆ ಸಮೇತ ಅಳೆಯುತ್ತಾರೆ. ಹಾಗಾಗಿ ಮಹಡಿಯೂ ಸೇರುತ್ತದೆ. ಆಕಾಶಕ್ಕೆ ತೆರೆದ ತೊಟ್ಟಿ ಸೇರುವುದಿಲ್ಲ.

ಉಳಿಯಲು ಹೋಗುವವರಿಗೆ ಇದರಿಂದ ಏನು?

ತುಂಬಾ ಇದೆ. ನಿಯಮ ಪೂರ್ತಿ ಪಾಲಿಸಿದ ಹೆರಿಟೇಜ್ ಹೋಟೆಲ್‌ನಲ್ಲೂ ಅರ್ಧ ಕಟ್ಟಡ ಹೊಸದಿರಬಹುದು. ಮುಂಭಾಗದ ಕಂಬ, ಜಗಲಿ, ಮರದ ಮುಚ್ಚಿಗೆ ಎಲ್ಲ ಫೋಟೋದಲ್ಲಿರುತ್ತದೆ, ನಿಮಗೆ ಸಿಗುವ ರೂಮು ಹಿಂದಿನ ಹೊಸ ಸಾಲಿನಲ್ಲಿರಬಹುದು. ಅದು ಮೋಸ ಅಲ್ಲ, ನಿಯಮ ಒಪ್ಪುವ ವಿಷಯ. ಆದ್ದರಿಂದ ಬುಕ್ ಮಾಡುವಾಗಲೇ ಕೇಳಬೇಕು: ರೂಮು ಹಳೇ ಕಟ್ಟಡದ್ದಾ, ಹೊಸದಾಗಿ ಕಟ್ಟಿದ್ದಾ? ಹಾಗೆಯೇ ಮೆಟ್ಟಿಲು ಹೇಗಿದೆ ಅಂತಲೂ ಕೇಳಿ. ಹಳೇ ಮನೆಗಳ ಮರದ ಮೆಟ್ಟಿಲು ಕಡಿದಾಗಿರುತ್ತದೆ, ಬಾಗಿಲು ಗಿಡ್ಡ, ಹೊಸಿಲು ಎತ್ತರ. ಅಜ್ಜಿ ತಾತನ ಜೊತೆ ಹೋಗುವವರಿಗೆ ಹೊಸ ಸಾಲಿನ ರೂಮೇ ವಾಸಿ.

ಹೊಸದು ಹಳೆಯದಕ್ಕೆ ಹೊಂದಬೇಕು, ಕಟ್ಟುವ ವಿಧಾನವೂ ಹೊಂದಬೇಕು ಅಂತ ನಿಯಮ ಹೇಳುತ್ತದೆ. ಬರೀ ನೋಟಕ್ಕೆ ಅಂತ ತಿಳಿಯಬೇಡಿ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಅಂಥ ಗೋಡೆ ಉಪ್ಪು ಹಿಡಿದು ಉದುರಲು ಶುರುವಾಗುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದೇ ದೊಡ್ಡ ಭಾಗ್ಯ.

ವರ್ಷ ಸಾಬೀತು ಮಾಡುವ ಬಗ್ಗೆ ಒಂದು ಎಚ್ಚರಿಕೆ. ಕೆಲವು ಮಂಗಳೂರು ಹೆಂಚುಗಳ ಮೇಲೆ 1865 ಅಂತ ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು, ನಿಮ್ಮ ಮುಂದಿರುವ ಮನೆ ಕಟ್ಟಿದ ವರ್ಷ ಅಲ್ಲ. ಮೇಲಾಗಿ ಹೆಂಚು ಬದಲಾಗುತ್ತಲೇ ಇರುತ್ತದೆ. ಹಳೇ ದಾಖಲೆ ಪತ್ರಗಳೇ ಗಟ್ಟಿ.

ನಾಲ್ಕೇ ರೂಮಿದ್ದರೆ?

ನಮ್ಮ ಕಡೆಯ ಎಷ್ಟೋ ಬಂಗಲೆಗಳದ್ದು ಇದೇ ಪಾಡು. ಮನೆ ಎಷ್ಟೇ ಹಳೆಯದಾದರೂ 5 ರೂಮು ಇಲ್ಲದಿದ್ದರೆ ಬೇಸಿಕ್ ದರ್ಜೆಯೂ ಇಲ್ಲ. ಅಂಥವರಿಗೆ ಸಚಿವಾಲಯದ್ದೇ ಹೋಂಸ್ಟೇ ದಾರಿ ಇದೆ: 1ರಿಂದ 6 ರೂಮು, ಸಿಲ್ವರ್ ಮತ್ತು ಗೋಲ್ಡ್ ಎಂಬ ಎರಡು ದರ್ಜೆ, ಮನೆಯವರು ಅಲ್ಲೇ ವಾಸ ಇರಬೇಕು. ಹಾಗಾಗಿ ನಮ್ಮಲ್ಲಿ ಹೋಂಸ್ಟೇ ಅನ್ನುವ ಬೋರ್ಡಿನ ಹಿಂದೆ ಒಳ್ಳೇ ಹಳೇ ಮನೆ ಇರುವ ಸಾಧ್ಯತೆ ಇದೆ. ಹೆರಿಟೇಜ್ ಅನ್ನುವ ಪದ ಹುಡುಕಿದರೆ ಅವು ಕಾಣುವುದೇ ಇಲ್ಲ.

ಬೇಲೂರು, ಹಳೇಬೀಡಿನ ವಿಷಯ ಬೇರೆ

ಸಂರಕ್ಷಿತ ಸ್ಮಾರಕ ಮತ್ತು ಹೆರಿಟೇಜ್ ಹೋಟೆಲ್ ಎರಡನ್ನೂ ಬೆರೆಸಬೇಡಿ. ಚೆನ್ನಕೇಶವ, ಹೊಯ್ಸಳೇಶ್ವರ ದೇವಾಲಯಗಳು ಕೇಂದ್ರದ ಸಂರಕ್ಷಿತ ಸ್ಮಾರಕಗಳು, 2023ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇವೆ. ಅವುಗಳ ಅಕ್ಕಪಕ್ಕದ ಹಳೇ ಮನೆಯನ್ನು ಹೋಟೆಲ್ ಮಾಡಲು ಹೊರಟರೆ ಇನ್ನೊಂದು ಕಾನೂನು, ಅಂದರೆ ಸ್ಮಾರಕಗಳನ್ನು ಕಾಯುವ ಕೇಂದ್ರದ ಕಾನೂನು ಎದುರಾಗುತ್ತದೆ. 2010ರ ತಿದ್ದುಪಡಿ ಪ್ರಕಾರ 100 ಮೀಟರ್ ನಿಷೇಧಿತ ಪ್ರದೇಶ, ಆಮೇಲಿನ 200 ಮೀಟರ್ ನಿಯಂತ್ರಿತ ಪ್ರದೇಶ.

ಇಲ್ಲೂ ಎಲ್ಲಿಂದ ಅಳೆಯುತ್ತೇವೆ ಅನ್ನುವುದೇ ಮುಖ್ಯ. 200 ಮೀಟರ್ ಶುರುವಾಗುವುದು 100 ಮುಗಿದ ಮೇಲೆ, ಹಾಗಾಗಿ ಒಟ್ಟು 300. ಆ 100 ಮೀಟರನ್ನು ಅಳೆಯುವುದು ದೇವಾಲಯದ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸದು ಕಟ್ಟುವಂತಿಲ್ಲ, ಇರುವ ಮನೆಯ ರಿಪೇರಿಗೂ ಅನುಮತಿ ಬೇಕು. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು. ಅಂದರೆ ಹಳೇಬೀಡಿನ ಗಡಿಯಿಂದ 80 ಮೀಟರ್ ದೂರದ ತೊಟ್ಟಿ ಮನೆಗೆ, ಹೆರಿಟೇಜ್ ನಿಯಮ ಹಳೆಯದರಷ್ಟೇ ಹೊಸದನ್ನು ಒಪ್ಪಿದರೂ, ಸ್ಮಾರಕ ಕಾನೂನು ಒಂದಡಿಯನ್ನೂ ಒಪ್ಪುವುದಿಲ್ಲ. ಎರಡೂ ಅನ್ವಯಿಸುವ ಕಡೆ ಬಿಗಿಯಾದ ನಿಯಮದ ಲೆಕ್ಕವನ್ನೇ ಉತ್ತರ ಪತ್ರಿಕೆಯಲ್ಲಿ ಬರೆಯಿರಿ.