‘ಇಲ್ಲ’ ಅನ್ನಿಸಿಕೊಳ್ಳಲು ಹೋದ ದೂತ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. 1294ರಲ್ಲಿ ಕಾಕತೀಯರ ಕಡೆಯ ಗೋರೆ ಗಂಗಯ್ಯರೆಡ್ಡಿ ಕೋಟೆ ಕಟ್ಟಿಸಿದ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನೂ ಕೊರೆದಿದ್ದಾರೆ. ಹೋದಾಗಲೆಲ್ಲ ಅದರ ಮುಂದೆ ನಿಂತುಬಿಡುತ್ತೇನೆ. ಇಷ್ಟು ದುಡಿದು ಕಟ್ಟಿದ ಕೋಟೆಗಾಗಿ, ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿಗಾಗಿ, ಎಷ್ಟು ರಕ್ತ ಹರಿಯಿತು! 1520ರಲ್ಲಿ ಕೃಷ್ಣದೇವರಾಯ ಇಲ್ಲಿ ಗೆದ್ದದ್ದು ಎಲ್ಲರಿಗೂ ಗೊತ್ತು. ನನ್ನನ್ನು ಹೆಚ್ಚು ಕಾಡುವುದು 1565ರ ತಾಳಿಕೋಟೆ ಯುದ್ಧಕ್ಕೆ ಮುಂಚೆ ಇದೇ ಊರನ್ನು ಕೇಳಿಕೊಂಡು ಹೋದ ಒಬ್ಬ ದೂತ.

ಅದಕ್ಕೆ ಕೆಲವೇ ವರ್ಷ ಹಿಂದೆ ಬಿಜಾಪುರದ ಅಲಿ ಆದಿಲ್‌ಶಾಹ ಮತ್ತು ವಿಜಯನಗರದ ಅಳಿಯ ರಾಮರಾಯ ಜೊತೆಯಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. ಆಮೇಲೆ ಗಾಳಿ ತಿರುಗಿತು. ಅಹಮದ್‌ನಗರದ ಹುಸೇನ್ ನಿಜಾಂಶಾಹ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನೇ ಬಳುವಳಿ ಮಾಡಿದ. ಗೋಲ್ಕೊಂಡ, ಬೀದರ್ ಕೈಜೋಡಿಸಿದವು. ಬೆನ್ನಿಗೆ ಬೀಗರು ನಿಂತ ಮೇಲೆ ಅಲಿಯ ದೂತ ರಾಮರಾಯನ ಬಳಿ ಹೋಗಿ ರಾಯಚೂರು, ಮುದಗಲ್ಲು ಮರಳಿಸಿ ಎಂದ. ಕೊಡುವುದಿಲ್ಲವೆಂದು ಅಲಿಗೆ ಮೊದಲೇ ಗೊತ್ತಿತ್ತು. ಜಗಳಕ್ಕೊಂದು ನೆಪ ಬೇಕಿತ್ತು ಎನ್ನುತ್ತಾನೆ ಇತಿಹಾಸಕಾರ ಫಿರಿಷ್ತಾ. ದೂತ ಅವಮಾನಪಟ್ಟು ಹಿಂದಿರುಗಿದ. 1565ರ ಜನವರಿ 23ರಂದು ಕೃಷ್ಣೆಯ ಬಳಿ ರಾಮರಾಯನ ತಲೆ ಉರುಳಿತು.

ನಮ್ಮ ಕಡೆ ಹೊಲದ ಬದುವಿನ ಜಗಳ ಬಿಡಿಸಲು ಕೂತ ಹಿರಿಯರು ಅನ್ನುವುದುಂಟು: “ಅವ್ನ ಬೆನ್ನಿಗೆ ಮಂದಿ ಅದಾರ, ಅದಕ ಹಿಂಗ ಹಾರಾಡಾಕತ್ತಾನ.” ಮೈತ್ರಿಕೂಟಗಳ ಅಪಾಯ ಇಡಿಯಾಗಿ ಈ ಮಾತಿನಲ್ಲಿದೆ. ಒಬ್ಬನೇ ಇದ್ದಾಗ ನುಂಗಿಕೊಳ್ಳುತ್ತಿದ್ದ ಸಿಟ್ಟನ್ನು ಬೆಂಬಲ ಸಿಕ್ಕವನು ಹೊರಹಾಕುತ್ತಾನೆ. ಬೆಂಬಲಿಗನಿಗೂ ಬಿಡುಗಡೆಯಿಲ್ಲ. ಈ ಸಲ ಕೈಬಿಟ್ಟರೆ ನಾಳೆ ತನ್ನ ಕಷ್ಟಕ್ಕೆ ಯಾರೂ ಬರುವುದಿಲ್ಲವೆಂಬ ಭಯ ಅವನಿಗೆ.

ಮೊದಲ ಮಹಾಯುದ್ಧ ಶುರುವಾದ 1914ರ ಯುರೋಪಿನಲ್ಲೂ ಇದೇ ನಡೆಯಿತು. ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾ-ಹಂಗೇರಿಯ ಯುವರಾಜನ ಕೊಲೆಯಾಯಿತು. ಏನೇ ಆದರೂ ಜೊತೆಗಿರುತ್ತೇವೆ ಎಂದು ಜರ್ಮನಿ ಜುಲೈ ಮೊದಲ ವಾರದಲ್ಲೇ ಮಾತು ಕೊಟ್ಟಿತು. ಜುಲೈ 23ರಂದು ಆಸ್ಟ್ರಿಯಾ ಕೊಲೆಯ ಹೊಣೆಯನ್ನು ನೆರೆಯ ಸರ್ಬಿಯಾದ ಮೇಲೆ ಹೊರಿಸಿ, 10 ಬೇಡಿಕೆ, 48 ಗಂಟೆಯ ಗಡುವು ಇಟ್ಟು ಅದಕ್ಕೆ ಪತ್ರ ಕೊಟ್ಟಿತು. ಒಪ್ಪಿಕೊಳ್ಳದಿರಲಿ ಎಂದೇ ಬರೆದ ಪತ್ರ ಅದು. ಸರ್ಬಿಯಾ ಬಹುಪಾಲು ಒಪ್ಪಿತು. ತನ್ನ ನೆಲದ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಕೂರುವುದನ್ನು ಮಾತ್ರ ನಿರಾಕರಿಸಿತು. 28ರ ಬೆಳಿಗ್ಗೆ ಆ ಉತ್ತರ ಓದಿದ ಜರ್ಮನಿಯ ಚಕ್ರವರ್ತಿ ಕೈಸರ್, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂದು ಬರೆದ. ಅದೇ ದಿನ ಆಸ್ಟ್ರಿಯಾ ಯುದ್ಧ ಸಾರಿತು.

ಅಲ್ಲಿಂದ ಮುಂದೆ ಸಮಯವೇ ಶತ್ರುವಾಯಿತು. ಸರ್ಬಿಯಾದ ಬೆನ್ನಿಗೆ ರಷ್ಯಾ, ರಷ್ಯಾದ ಬೆನ್ನಿಗೆ ಫ್ರಾನ್ಸ್. ಲಕ್ಷಗಟ್ಟಲೆ ಸೈನಿಕರನ್ನು ಗಡಿಗೆ ಸಾಗಿಸುವುದು ರೈಲು. ಎದುರಾಳಿ ಎರಡು ದಿನ ಮೊದಲು ಹೊರಟರೆ ತನ್ನ ಕಥೆ ಮುಗಿಯಿತೆಂಬ ಲೆಕ್ಕ ಎಲ್ಲರದು. ಹಾಗಾಗಿ ರಷ್ಯಾ ಕಾವಲಿಗೆಂದು ಸೈನ್ಯ ಕೂಡಿಸಿದ್ದು ಜರ್ಮನಿಯ ಕಣ್ಣಿಗೆ ದಾಳಿಯಂತೆಯೇ ಕಂಡಿತು. ಜರ್ಮನಿಯ ಯೋಜನೆಯಂತೂ ಇನ್ನೂ ಕ್ರೂರ: ರಷ್ಯಾದ ಜೊತೆ ಜಗಳವಾದರೂ ಮೊದಲ ಏಟು ಫ್ರಾನ್ಸಿಗೆ.

ಆಗಸ್ಟ್ 1ರಂದು ಫ್ರಾನ್ಸ್ ತಟಸ್ಥವಾಗಿ ಉಳಿದೀತೆಂಬ ಸುದ್ದಿ ಲಂಡನ್ನಿನಿಂದ ಬಂತು. ಹಾಗಾದರೆ ಇಡೀ ಸೈನ್ಯ ಪೂರ್ವಕ್ಕೆ ತಿರುಗಲಿ ಎಂದ ಕೈಸರ್. ಸಾಧ್ಯವಿಲ್ಲ ಎಂದ ಸೇನಾ ಮುಖ್ಯಸ್ಥ ಮೋಲ್ಟ್ಕೆ. ವರ್ಷಗಟ್ಟಲೆ ಕೂತು ಹೆಣೆದ ಏರ್ಪಾಡು, ಈಗ ತಿರುಗಿಸಿದರೆ ಸೈನ್ಯ ಚೆಲ್ಲಾಪಿಲ್ಲಿ. ರಾತ್ರಿಯ ಹೊತ್ತಿಗೆ ಲಂಡನ್ನಿನ ಸುದ್ದಿಯೂ ಸುಳ್ಳಾಯಿತು. ಆಗಸ್ಟ್ 4ರಂದು ಜರ್ಮನ್ ದಂಡು ಫ್ರಾನ್ಸಿಗೆ ಹೋಗುವ ದಾರಿಯೆಂದು ಬೆಲ್ಜಿಯಂ ಗಡಿ ದಾಟಿತು. ಸರಾಯೆವೊದ ಕೊಲೆಗೂ ಆ ದೇಶಕ್ಕೂ ಯಾವ ಸಂಬಂಧವೂ ಇರಲಿಲ್ಲ.